ಒಂದೇ ಬೋಗುಣಿಯ ಊಟ

ನಂದೀಶನ ಬಾಯಿಂದ "ಇಲ್ಲ" ಎಂಬ ಮಾತು ಸುಲಭಕ್ಕೆ ಹೊರಡುತ್ತಿರಲಿಲ್ಲ. ಎದುರಿಗಿದ್ದವರಿಗೆ ಯಾವುದು ಹಿತವೋ ಅದನ್ನೇ ಹೇಳಿ, ಆ ಹೊತ್ತಿಗೆ ಪಾರಾಗಿ, ಆಮೇಲೆ ಒದ್ದಾಡುವುದು ಅವನ ಹುಟ್ಟುಗುಣ. ಆದ್ದರಿಂದ ರವಿವಾರ ಬೆಳಿಗ್ಗೆ ಎಂಟು ಗಂಟೆಗೆ ಲಕ್ಷ್ಮೇಶ್ವರದಿಂದ ಕಾಂಚನಾ ಫೋನು ಮಾಡಿ, "ಗದಗಿನ್ಯಾಗ ಫಾಂಡ್ಯೂ ಹೋಟೆಲ್ ಆಗೇತಂತಲ್ರಿ, ನೀವು ತಿಂದೀರೇನು?" ಎಂದು ಕೇಳಿದಾಗ, ಅದು ಗಟ್ಟಿಯೋ ತೆಳುವೋ ಎಂಬುದೂ ತಿಳಿಯದ ನಂದೀಶ, "ಓ, ಭಾಳ ಸಲ ತಿಂದೀನ್ರಿ" ಎಂದುಬಿಟ್ಟ.

"ಹಂಗಾರ ಚಲೋ ಆತು. ಇವತ್ತ ಒಂದು ಗಂಟೆಕ್ಕ ಅಲ್ಲೇ ಭೆಟ್ಟಿ ಆಗೂಣು. ನನಗೇನೂ ಗೊತ್ತಿಲ್ಲ, ಹೆಂಗ ತಿನ್ನೂದು ನೀವ ಕಲಿಸ್ರಿ."

ನಂದೀಶನಿಗೆ ಮೂವತ್ತಮೂರು. ಗದಗಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ತಾಯಿ ಮುಳಗುಂದದಲ್ಲಿ ಹಿರಿಯ ಮಗನ ಮನೆಯಲ್ಲಿದ್ದಳು. ಇವನು ಬೆಟಗೇರಿಯಲ್ಲಿ ಸುಮಿತ್ರವ್ವನ ಮನೆಯ ಮುಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದ. ಇದುವರೆಗೆ ಒಂಬತ್ತು ಹೆಣ್ಣು ನೋಡಿದ್ದ, ಒಂದೂ ಕೂಡಿ ಬಂದಿರಲಿಲ್ಲ. ಒಂದು ಮನೆಯಲ್ಲಂತೂ ಹುಡುಗಿಯ ಅಪ್ಪನಿಗೆ ತಾನು ಚಹಾ ಮುಟ್ಟುವುದೇ ಇಲ್ಲವೆಂದೂ, ಅದೇ ಗಳಿಗೆಯಲ್ಲಿ ಅವಳ ಅವ್ವನಿಗೆ ದಿನಕ್ಕೆ ನಾಲ್ಕು ಕಪ್ಪು ಬೇಕೇ ಬೇಕೆಂದೂ ಹೇಳಿ ಎದ್ದು ಬಂದಿದ್ದ. ಕಾಂಚನಾ ಹತ್ತನೆಯವಳು. ಫೋಟೋ ನೋಡಿ, ಮೂರು ವಾರ ಫೋನಿನಲ್ಲಿ ಮಾತಾಡಿ, ನಂದೀಶ ಅವಳ ನಗುವಿಗೆ ಪೂರ್ತಿ ಸೋತುಹೋಗಿದ್ದ. ಈ ಸಂಬಂಧ ತಪ್ಪಿದರೆ ತಾನು ಇನ್ನು ಹೆಣ್ಣು ನೋಡಲು ಹೋಗುವವನೇ ಅಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ.

ಫೋನಿಟ್ಟವನೇ ಸಹೋದ್ಯೋಗಿ ಇಜಾಜನ ಮನೆಗೆ ಓಡಿದ. ಇಜಾಜನಿಗೆ ಜಗತ್ತಿನ ಎಲ್ಲ ವಿದ್ಯೆಯೂ ಮೊಬೈಲಿನಲ್ಲಿ ಇತ್ತು.

"ಇಲ್ನೋಡಲೇ," ಎಂದು ಅವನು ವಿಡಿಯೋ ಹಚ್ಚಿ ತೋರಿಸಿದ. "ಚೀಸ್ ಕರಗಿಸಿ ಬೋಗುಣ್ಯಾಗ ಹಾಕಿರ್ತಾರ. ಕೆಳಗ ಬೆಂಕಿ. ಉದ್ದನ್ನ ಕಡ್ಡಿಗೆ ಬ್ರೆಡ್ಡಿನ ತುಣಕ ಚುಚ್ಚೂದು, ಅದ್ದೂದು, ತಿನ್ನೂದು. ಮುಗೀತು."

"ಇಬ್ಬರಿಗೂ ಒಂದ ಬೋಗುಣೀನ?"

"ಹತ್ತು ಮಂದಿ ಇದ್ರೂ ಒಂದ."

"ಮತ್ತ ಬಾಯಾಗ ಇಟ್ಟ ಕಡ್ಡಿ ತಿರಗಿ ಅದರಾಗ ಅದ್ದಿದ್ರ ಎಂಜಲಾ ಆಗೂದಿಲ್ಲೇನೋ?"

ಇಜಾಜ ಹುಬ್ಬು ಗಂಟಿಕ್ಕಿ ವಿಡಿಯೋದ ಮುಂದಿನ ಭಾಗಕ್ಕೆ ಕಾದ. ಅಷ್ಟರಲ್ಲಿ ಅವನ ಅಂದಿನ ಡೇಟಾ ಮುಗಿದುಹೋಯಿತು. ಎಂಜಲಿನ ಪ್ರಶ್ನೆ ಅಲ್ಲಿಗೇ ನಿಂತಿತು.

ಹನ್ನೆರಡಕ್ಕೆ ಇಸ್ತ್ರಿ ಅಂಗಿ ಹಾಕಿ ನಂದೀಶ ಸದ್ದಿಲ್ಲದೆ ಬಾಗಿಲು ದಾಟುವಾಗ, ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದ ಸುಮಿತ್ರವ್ವ ತಲೆಯೆತ್ತಿದಳು.

"ಲೇ ನಂದ್ಯಾ, ಎಲ್ಲಿಗೆ ಹೊಂಟಿ?"

"ಮುಳಗುಂದಕ್ಕ, ಚಿಗವ್ವ."

"ನಿಮ್ಮವ್ವನ್ನ ನೋಡಾಕ ಇಷ್ಟು ಸೆಂಟ್ ಯಾಕ ಬೇಕೋ?"

ಎರಡು ನಿಮಿಷದಲ್ಲಿ ಎಲ್ಲವೂ ಹೊರಬಿತ್ತು. ಸುಮಿತ್ರವ್ವ ಶೇಂಗಾದ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು. "ಹಿರೇರು ಒಬ್ಬರೂ ಇಲ್ದ ಹೆಣ್ಣು ನೋಡಾಕ ಹೋಗ್ತಾರೇನು? ನಾಳೆ ನಿಮ್ಮವ್ವ ಬಂದು ಕೇಳಿದ್ರ ನಾ ಏನ್ ಹೇಳ್ಲಿ? ನಡಿ, ನಾನೂ ಬರ್ತೀನಿ."

ಬೇಡ ಎನ್ನಬೇಕೆಂದು ನಂದೀಶ ಬಾಯಿ ತೆರೆದ. "ನೀ ಬಂದ್ರ ಚಲೋನ ಆತು, ಚಿಗವ್ವ" ಎಂಬ ಮಾತು ಹೊರಗೆ ಬಂತು. ಆಟೋದಲ್ಲಿ ಕುಳಿತ ಮೇಲೆ ಅವನು ಕೈಮುಗಿದು ಬೇಡಿಕೊಂಡಿದ್ದರಿಂದ ಒಂದು ಕರಾರಾಯಿತು. ಸುಮಿತ್ರವ್ವ ಬೇರೆ ಟೇಬಲ್ಲಿಗೆ ಕೂಡ್ರಬೇಕು, ಇಬ್ಬರೂ ಗುರುತಿಲ್ಲದವರಂತೆ ಇರಬೇಕು. ಹೋಟೆಲಿನ ಅಡುಗೆಯನ್ನು ನಂಬಿ ಮನೆ ಬಿಟ್ಟವಳಲ್ಲ ಆಕೆ. ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡ ಚೀಲ ಅವಳ ತೊಡೆಯ ಮೇಲಿತ್ತು.

ಗೋವಾದ ಹೋಟೆಲುಗಳಲ್ಲಿ ಬಹಳ ವರ್ಷ ದುಡಿದು ಬಂದ ಗದಗಿನವನೊಬ್ಬ ತೆರೆದ ಹೋಟೆಲದು. ತೆರೆದು ಇನ್ನೂ ಒಂದು ವಾರವಷ್ಟೇ ಆಗಿತ್ತು. ಗೋಡೆಯ ಮೇಲೆ ಹಿಮದ ಗುಡ್ಡ, ಗುಡ್ಡದ ಮುಂದೆ ಕೊರಳಲ್ಲಿ ಗಂಟೆ ಕಟ್ಟಿದ ದಷ್ಟಪುಷ್ಟ ಆಕಳು. ಸುಮಿತ್ರವ್ವ ಮೂಲೆಯ ಟೇಬಲ್ಲಿಗೆ ಕುಳಿತು ಆ ಆಕಳನ್ನೇ ನೋಡುತ್ತ, ಇದು ಹೊತ್ತಿಗೆ ಎಷ್ಟು ಲೀಟರ್ ಹಿಂಡುತ್ತದೆ ಎಂದು ಪಕ್ಕದಲ್ಲಿದ್ದ, ಬೆಳ್ಳಟ್ಟಿಯಿಂದ ಬಂದ ಸಂಸಾರವನ್ನು ವಿಚಾರಿಸತೊಡಗಿದಳು.

ಕಾಂಚನಾ ಸರಿಯಾಗಿ ಒಂದಕ್ಕೆ ಬಂದಳು. ಲಕ್ಷ್ಮೇಶ್ವರದ ಶಾಲೆಯಲ್ಲಿ ಗಣಿತ ಕಲಿಸುವವಳು; ಫೋಟೋಕ್ಕಿಂತ ಚೆಂದ, ಫೋನಿಗಿಂತ ಮಾತುಗಾರ್ತಿ. ನಂದೀಶನ ಎದೆ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಹೊಡೆದುಕೊಳ್ಳತೊಡಗಿತು.

ಮಾಣಿ ಶಫೀಕ ಬೋಗುಣಿ ತಂದಿಟ್ಟು, ಕೆಳಗೆ ಸಣ್ಣ ಬೆಂಕಿ ಹೊತ್ತಿಸಿದ. ಒಳಗೆ ಹಳದಿ ಚೀಸು ಗುಳುಗುಳು ಎನ್ನುತ್ತಿತ್ತು. "ಸರ್, ಇದನ್ನ ಹೆಂಗ ತಿನ್ನೂದಂದ್ರ..." ಎಂದು ಶುರು ಮಾಡಿದ.

"ಗೊತ್ತೈತಿ, ಗೊತ್ತೈತಿ. ನೀ ಹೋಗು," ಎಂದು ನಂದೀಶ ಕೈಬೀಸಿದ. ಬಹಳ ಸಲ ತಿಂದವನು ಮತ್ತೇನು ಮಾಡಿಯಾನು?

"ತೋರಸ್ರಿ ಮತ್ತ," ಎಂದಳು ಕಾಂಚನಾ ಕೆನ್ನೆಗೆ ಕೈಯಿಟ್ಟು. "ಒಂದ ಹಂತಾನೂ ಬಿಡಬ್ಯಾಡ್ರಿ."

ನಂದೀಶ ಬ್ರೆಡ್ಡು ಚುಚ್ಚಿದ, ಅದ್ದಿದ, ಎತ್ತಿದ. ಬಾಯಿಯ ಹತ್ತಿರ ತಂದವನು ಅಲ್ಲಿಯೇ ನಿಂತ. ಕಡ್ಡಿ ತುಟಿಗೆ ತಾಗಿದರೆ ಎಂಜಲು. ಎಂಜಲು ಕಡ್ಡಿ ತಿರುಗಿ ಬೋಗುಣಿಗೆ ಹೋದರೆ ಅದನ್ನೇ ಈಕೆ ಉಣ್ಣಬೇಕು. ಇನ್ನೂ ಮದುವೆಯ ಮಾತುಕತೆಯೇ ಆಗದ ಹುಡುಗಿಗೆ ತನ್ನ ಎಂಜಲು! ಮುಳಗುಂದದ ಮನೆಯಲ್ಲಿ ತಂಬಿಗೆಗೆ ತುಟಿ ತಾಗಿಸಿದ್ದಕ್ಕೆ ಅಜ್ಜಿ ಕೊಡುತ್ತಿದ್ದ ಗುದ್ದು ಬೆನ್ನಿಗೆ ನೆನಪಾಯಿತು. ಆ ಬೆನ್ನಿಂದಲೇ ಒಂದು ಉಪಾಯವೂ ಹೊಳೆಯಿತು.

"ಇದನ್ನ ಎತ್ತಿ ತಿನ್ನಬೇಕ್ರಿ."

"ಎತ್ತಿ?"

"ಹೂಂ. ತಂಬಿಗಿ ನೀರು ಎತ್ತಿ ಕುಡೀತೀವಲ್ಲ, ಹಂಗ. ಆ ದೇಶದಾಗ ಎಲ್ಲಾರೂ ಹಂಗ ತಿಂತಾರ."

ಹೀಗೆಂದು ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ಅಗಲಿಸಿ, ಕಡ್ಡಿಯನ್ನು ಗೇಣು ಮೇಲೆ ಹಿಡಿದು ಅಲುಗಾಡಿಸಿದ. ಬ್ರೆಡ್ಡು ಬೀಳಲಿಲ್ಲ. ಚೀಸು ಮಾತ್ರ ನೂಲಿನಂತೆ ಎಳೆಯೆಳೆಯಾಗಿ ಇಳಿದು ಮೂಗು, ಮೀಸೆ, ಗದ್ದ ಎಂದು ಭೇದವಿಲ್ಲದೆ ಅಂಟಿಕೊಂಡಿತು. ನಂದೀಶ ಕಣ್ಣಲ್ಲಿ ನೀರು ತುಂಬಿಕೊಂಡು, "ಬಿಸಿ ಇದ್ದಾಗ... ಭಾರಿ ರುಚಿ" ಎಂದ.

ಕಾಂಚನಾ ನಂಬಿದಳು. ತಾನೂ ಕತ್ತು ಬಾಗಿಸಿದಳು. ಸುತ್ತಲಿನ ಟೇಬಲ್ಲಿನವರೆಲ್ಲ ಇಷ್ಟು ಹೊತ್ತು ಕಡ್ಡಿ ಹಿಡಿದುಕೊಂಡು ಇದೇ ಎಂಜಲಿನ ಚಿಂತೆಯಲ್ಲಿ ಕುಳಿತವರು. ಒಬ್ಬ ತಿಳಿದವನು ಸಿಕ್ಕನಲ್ಲ ಎಂದು ಅವರಿಗೂ ಹಾಯೆನಿಸಿತು. ಬೆಳ್ಳಟ್ಟಿಯ ಗಂಡ ಹೆಂಡತಿ, ಅವರ ಮಕ್ಕಳು, ಕಿಟಕಿಯ ಬಳಿಯ ನಾಲ್ವರು ವಕೀಲರು, ಎಲ್ಲರೂ ಒಬ್ಬೊಬ್ಬರಾಗಿ ಮಾಳಿಗೆಯ ಕಡೆ ಮುಖ ಮಾಡಿ ಬಾಯಿ ತೆರೆದರು. ಶಫೀಕ ಒಳಗೆ ಓಡಿಹೋಗಿ ಮಾಲಕನನ್ನು ಕರೆತಂದ. ಮಾಲಕ ಬಾಗಿಲಲ್ಲೇ ಕೈಕಟ್ಟಿ ನಿಂತುಬಿಟ್ಟ.

ಸುಮಿತ್ರವ್ವನ ಸಹನೆ ಅಲ್ಲಿಗೆ ಮುಗಿಯಿತು. ಚೀಲ ಹಿಡಿದು ಬಂದು ಇಬ್ಬರ ನಡುವಿನ ಕುರ್ಚಿಯಲ್ಲಿ ಕುಳಿತಳು.

"ಯವ್ವಾ, ಮಾರಿ ಸುಟ್ಕೊಳ್ಳಾಕ ಹೋಟೆಲಿಗೆ ಬರಬೇಕೇನು? ತಗೊ, ರೊಟ್ಟಿ ಮುರಿ. ಅದ್ದು, ತಿನ್ನು. ಪ್ರತಿ ತುತ್ತಿಗೂ ಹೊಸಾ ತುಣಕು. ಕಡ್ಡೀನೂ ಬ್ಯಾಡ, ಎಂಜಲಾನೂ ಇಲ್ಲ."

"ಇವರು ಯಾರ್ರಿ?" ಎಂದಳು ಕಾಂಚನಾ.

ನಂದೀಶ ಗಾಬರಿಯಲ್ಲಿ, "ಗೊತ್ತಿಲ್ರಿ" ಎಂದ.

"ಗೊತ್ತಿಲ್ಲಂತ!" ಸುಮಿತ್ರವ್ವನ ದನಿ ಹಿಮದ ಗುಡ್ಡಕ್ಕೂ ಕೇಳಿಸಿರಬೇಕು. "ವಾರಕ್ಕ ಎರಡ ಸಲ ನನ್ನ ಕೈಯಾನ ಎಣ್ಣಿಗಾಯಿ ತಿಂತಾನ. ನನ್ನ ಮನ್ಯಾಗ ಇರ್ತಾನ. ಗೊತ್ತಿಲ್ಲಂತ!"

ಕಾಂಚನಾ ಅವನನ್ನೊಮ್ಮೆ, ಅವನ ಮೀಸೆಯಲ್ಲಿ ಗಟ್ಟಿಯಾಗುತ್ತಿದ್ದ ಚೀಸನ್ನೊಮ್ಮೆ ನೋಡಿದಳು. "ಹೆದರಿಕಿ ಆದಾಗೆಲ್ಲಾ ಹಿಂಗ ಸುಳ್ಳು ಹೇಳ್ತೀರೇನು?"

"ಇಲ್ರಿ... ಹೂಂರಿ."

ಅವಳು ನಕ್ಕಳು. ಫೋನಿನಲ್ಲಿ ಕೇಳಿದ ಅದೇ ನಗು, ಈಗ ಎರಡು ಅಡಿ ದೂರದಲ್ಲಿ. ರೊಟ್ಟಿ ಮುರಿದು, ಅದ್ದಿ ತಿಂದು, "ಇದ ಚಲೋ ಐತಿ" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೋಡ್ರಿ, ನನಗ ನೀವು ಸೇರೀರಿ. ಆದ್ರ ನನಗ ಅಪ್ಪ ಇಲ್ಲ, ಅಣ್ಣ ತಮ್ಮ ಯಾರೂ ಇಲ್ಲ. ಹಮ್ಮಿಗಿಯಿಂದ ನಮ್ಮವ್ವನ ತಮ್ಮ ಕೊಟ್ರಪ್ಪ ಮಾಮಾ ಬಂದು ಹೂಂ ಅಂದ್ರನ ಆತು. ಭಾಳ ಜಬರದಸ್ತ ಮನಷ್ಯಾ. ಅವರು ಕೇಳಿದಾಗ 'ನಿಮ್ಮ ಹುಡುಗಿ ನನಗ ಬೇಕು' ಅಂತ ನೆಟ್ಟಗ ಒಂದ ಮಾತು ಹೇಳ್ರಿ. ಅಷ್ಟ ಸಾಕು."

"ಯಾರ ಮುಂದ ಬೇಕಾದ್ರೂ ಹೇಳ್ತೀನ್ರಿ!" ಎಂದ ನಂದೀಶ. ಆ ಗಳಿಗೆಯಲ್ಲಿ ಅವನಿಗೆ ಅದು ಸುಳ್ಳೆಂದು ಅನ್ನಿಸಲೇ ಇಲ್ಲ. ಹುಟ್ಟಿದಾರಭ್ಯ ಅಷ್ಟು ಸುಖವಾಗಿ ಅವನು ಎಂದೂ ಉಂಡಿರಲಿಲ್ಲ.

ಮೂವರೂ ಒಂದೇ ಬೋಗುಣಿಗೆ ಕೈಯಿಳಿಸುತ್ತಿದ್ದುದನ್ನು ಕಂಡು ಸುಮಿತ್ರವ್ವನಿಗೆ ಉಮೇದು ಉಕ್ಕಿತು. ಮದುವೆಯ ದಿನ ಗಂಡು ಹೆಣ್ಣು ಬಳಗದ ಜೊತೆ ಒಂದೇ ಗಂಗಾಳದಲ್ಲಿ ಉಣ್ಣುವ ಶಾಸ್ತ್ರ ಅವಳಿಗೆ ನೆನಪಾಗಿತ್ತು. "ಭೂಮದ ಊಟಕ್ಕ ಕುಂತಂಗ ಆತು ನೋಡ್ರಿ! ಇನ್ನ ಅಕ್ಕಿಕಾಳು ಒಂದ ಬಾಕಿ!"

"ಏನಂದಿ? ಭೂಮದ ಊಟ?"

ಹಿಂದಿನಿಂದ ಬಂದ ದನಿಗೆ ಎಲ್ಲ ಟೇಬಲ್ಲುಗಳಲ್ಲೂ ಎತ್ತಿದ ಕಡ್ಡಿಗಳು ಹಾಗೇ ನಿಂತವು. ಬಿಳಿ ಧೋತರ, ಕಿವಿಯ ತನಕ ಮೀಸೆ, ಕಂಕುಳಲ್ಲಿ ಒಂದು ಕೈಚೀಲ.

"ಮಾಮಾ!" ಎಂದು ಕಾಂಚನಾ ಎದ್ದು ನಿಂತಳು.

ಕೊಟ್ರಪ್ಪ ಅವಳತ್ತ ನೋಡಲಿಲ್ಲ. ನಂದೀಶನ ಮುಂದೆ ಬಂದು ಟೇಬಲ್ಲು ಗುದ್ದಿದ. "ಒಂದ ಬೋಗುಣ್ಯಾಗ ಕೈ ಹಾಕಿ ಉಣ್ಣಾವ್ರು ಗಂಡ ಹೆಂಡ್ತಿ ಇರಬೇಕು, ಇಲ್ಲಾ ಅಣ್ಣ ತಂಗಿ ಇರಬೇಕು. ನಮ್ಮ ಹುಡುಗಿ ಕೂಡ ಹಿಂಗ ಉಣ್ಣಾಕ ನೀ ಯಾರೋ? ಬೊಗಳು!"

ನಂದೀಶ ಎದ್ದ. ಕಾಂಚನಾ ಅವನ ಮುಖವನ್ನೇ ನೋಡುತ್ತಿದ್ದಳು. ಹೇಳಬೇಕಾದ ಮಾತು ಗಂಟಲಿನವರೆಗೂ ಬಂದಿತ್ತು. ಕೊಟ್ರಪ್ಪನ ಮೀಸೆ ಒಂದು ಸಲ ಅಲುಗಿತು.

"ಅಣ್ಣ ತಂಗಿ ಇದ್ದಂಗ್ರೀ!" ಎಂದ ನಂದೀಶ.

ಸುಮಿತ್ರವ್ವನ ಕೈಯ ರೊಟ್ಟಿ ಬೋಗುಣಿಗೆ ಬಿತ್ತು.

ಕೊಟ್ರಪ್ಪ ಕುರ್ಚಿ ಎಳೆದುಕೊಂಡು ಧೊಪ್ಪನೆ ಕುಳಿತ. ದನಿಯಲ್ಲಿದ್ದ ಗುಡುಗು ಪೂರ್ತಿ ಇಳಿದಿತ್ತು. ಕೈಚೀಲ ಬಿಚ್ಚಿ ಒಂದೊಂದೇ ತೆಗೆದು ಟೇಬಲ್ಲಿನ ಮೇಲಿಟ್ಟ: ಒಂದು ತೆಂಗಿನಕಾಯಿ, ಒಂದು ಖಣ, ಒಂದು ಪುಡಿಕೆ ಸಕ್ಕರೆ.

"ಮುಂಜಾನೆ ಅಕ್ಕ ಫೋನ್ ಮಾಡಿ ಎಲ್ಲಾ ಹೇಳಿದ್ಲಪ್ಪಾ. ಹುಡುಗ ಚಲೋ ಅದಾನ, ಚಟ ಇಲ್ಲ, ಆದ್ರ ಸ್ವಲ್ಪ ಪುಕ್ಕಲ ಅಂತ ಮಂದಿ ಹೇಳಿದ್ರು. ಒಂದ ಸಲ ಗದರಿಸಿ ನೋಡೂಣು, ನೆಟ್ಟಗ ನಿಂತು ಮಾತಾಡಿದ್ರ ಇಲ್ಲೇ ಸಕ್ಕರಿ ಹಂಚಿ ಗಟ್ಟಿ ಮಾಡಿಬಿಡೂಣು ಅಂತ ಬಂದಿದ್ದೆ."

ನಂದೀಶ ಕೈಮುಗಿದ. "ಮಾಮಾರ, ಅದು ಹೆದರಿ ಅಂದೆ. ಖರೆ ಅಂದ್ರ ನಿಮ್ಮ ಹುಡುಗಿ..."

"ಬ್ಯಾಡಪ್ಪ," ಎಂದು ಕೊಟ್ರಪ್ಪ ಕೈ ಅಡ್ಡ ಹಿಡಿದ. "ಉರಿಯೋ ಬೆಂಕಿ ಮುಂದ, ಇಷ್ಟ ಮಂದಿ ಮುಂದ ಅಂದೀದಿ. ತಂಗಿ ಅಂದಾಕಿನ್ನ ಹೊಳ್ಳಿ ಲಗ್ನ ಆಗ್ತೀನಿ ಅಂದ್ರ ಕೇಳಿದವ್ರು ಏನಂತಾರ?"

"ಖರೆ, ಖರೆ. ಶೋಭಿಸೂದಿಲ್ರಿ ಅದು," ಎಂದರು ಬೆಳ್ಳಟ್ಟಿಯವರು. ವಕೀಲರೂ ತಲೆಯಾಡಿಸಿದರು.

ನಂದೀಶ ಕಾಂಚನಾಳತ್ತ ತಿರುಗಿದ. ಅವಳ ಕಣ್ಣಂಚಿನಲ್ಲಿ ನೀರಿತ್ತು; ಅದು ಬೋಗುಣಿಯ ಹಬೆಗೆ ಬಂದದ್ದಲ್ಲ.

"ಒಂದ ಕೇಳ್ತೀನಿ, ಖರೆ ಹೇಳ್ರಿ. ಫಾಂಡ್ಯೂ ಮೊದಲ ಯಾವಾಗರ ತಿಂದಿದ್ರೇನು?"

"ಇಲ್ರಿ," ಎಂದ ನಂದೀಶ. ಎಷ್ಟೋ ವರ್ಷಕ್ಕೆ ಆ ಮಾತು ಸಲೀಸಾಗಿ ಬಂದಿತ್ತು. "ಇವತ್ತ ಮೊದಲ ಸಲ."

"ಮುಂಜಾನೆ ಫೋನಿನ್ಯಾಗ ಇಷ್ಟ ಹೇಳಿದ್ರ, ಇಬ್ಬರೂ ಎಲ್ಲ್ಯರ ಕುಂತು ಬ್ಯಾರೆ ಬ್ಯಾರೆ ತಾಟಿನ್ಯಾಗ ಗಿರಮಿಟ್ಟು ತಿಂತಿದ್ವಿ," ಎಂದು ಅವಳು ಪರ್ಸು ತೆಗೆದುಕೊಂಡಳು. "ಬರ್ತೀನಿ, ಅಣ್ಣಾ."

ಕೊಟ್ರಪ್ಪ ತೆಂಗಿನಕಾಯಿ, ಖಣ ತಿರುಗಿ ಚೀಲಕ್ಕೆ ಹಾಕಿದ. ತಂದ ಸಕ್ಕರೆಯನ್ನು ಹಂಚದೆ ಒಯ್ಯಬಾರದೆಂದು ನಂದೀಶನ ಅಂಗೈಗೆ ಒಂದು ಚಿಟಿಕೆ ಹಾಕಿ, ಬೆನ್ನು ತಟ್ಟಿದ.

"ಬ್ಯಾಸರ ಮಾಡ್ಕೊಬ್ಯಾಡ. ಈ ಹುಡುಗಿಗೆ ಅಣ್ಣ ಇಲ್ಲಂತ ನಮ್ಮಕ್ಕ ಭಾಳ ಮರಗತಿದ್ಲು. ಪಂಚಮಿಗೆ ಸೀರಿ ತಗೊಂಡು ತಂಗೀನ ಕರೆಯಾಕ ಬಾ. ಮತ್ತ ಬರೂ ಐತವಾರ ಮುಂಡರಗಿ ಹುಡುಗ ನೋಡಾಕ ಬರ್ತಾನ. ನೀನೂ ಬಂದು ಅಣ್ಣನ ಜಾಗಾದಾಗ ಕುಂಡ್ರು. ಅವ ನೆಟ್ಟಗ ಮಾತಾಡ್ತಾನೋ ಇಲ್ಲೋ, ಅದನ್ನ ನೀನ ಪರೀಕ್ಷಾ ಮಾಡು. ಬರ್ತೀಯಲ್ಲ?"

ಇಲ್ಲ, ಬರುವುದಿಲ್ಲ, ಸತ್ತರೂ ಬರುವುದಿಲ್ಲ ಎಂದು ನಂದೀಶನ ಮೈಯೆಲ್ಲ ಕೂಗಿತು. ಅವನು ಸಕ್ಕರೆ ಬಾಯಿಗೆ ಹಾಕಿಕೊಂಡು, ಕೊಟ್ರಪ್ಪನ ಮೀಸೆಯನ್ನೊಮ್ಮೆ ನೋಡಿ, "ಬರ್ತೀನ್ರಿ ಮಾಮಾರ" ಎಂದ.

ಸುಮಿತ್ರವ್ವ ಉಳಿದ ರೊಟ್ಟಿ ಚೀಲಕ್ಕೆ ತುಂಬುತ್ತ ಕೇಳಿದಳು: "ಎಷ್ಟ ಗಂಟೆಕ್ಕ ಬರೂಣ್ರಿ?"