ಗೋಲಿಗೆ ಹೋದ ಚಪ್ಪಲಿ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನದು ಅಷ್ಟು ಮುಂದೆ ಬಂದು ಕೂರುವಂಥದ್ದಲ್ಲ. ಸಿಟ್ಟು ಬರಿಸಿದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೇಟು ಎಳೆದುಕೊಂಡು ಹೋದ ಮೇಲೆ, ಆ ಲೋಟ ತೊಳೆಯಲು ನಾನು ನಲ್ಲಿ ತಿರುಗಿಸಿದಾಗ ಅದು ಬರುತ್ತದೆ. ಆಗ ನಾನಾಡುವ ಮಾತನ್ನು, ಲೋಟ ಕುಕ್ಕುವ ಸದ್ದನ್ನು ಕೇಳಲು ಸಿಂಕಿನ ಪಾತ್ರೆಗಳ ಹೊರತು ಯಾರೂ ಇರುವುದಿಲ್ಲ. ನಮ್ಮ ಮನೆಯಲ್ಲಿ ನಗ್ಗದ ಸ್ಟೀಲ್ ಲೋಟ ಹುಡುಕಿದರೂ ಸಿಗುವುದಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ನಗ್ಗಿರುವುದು ಮುನಿರಾಜು ಭಾವನಿಂದ. ಭಾವ ಎಂದರೆ ನನ್ನ ಗಂಡನ ಅಣ್ಣ. ಹಿರಿಯರು, ಎದುರು ಮಾತಾಡುವಂತಿಲ್ಲ. ಜೊತೆಗೆ ಅವರು ನಮ್ಮ ಶಿಡ್ಲಘಟ್ಟದ ಮಹಿಳಾ ಫುಟ್‌ಬಾಲ್ ಸಂಘದ ಅಧ್ಯಕ್ಷರು.

ಮಹಿಳಾ ಸಂಘಕ್ಕೆ ಭಾವ ಹೇಗೆ ಅಧ್ಯಕ್ಷರಾದರು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಲೋಟವನ್ನು. ಅಧ್ಯಕ್ಷರೊಬ್ಬರೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಸಹ ಸಂಚಾಲಕರು, ಯಾವ ಮೊಕದ್ದಮೆಯೂ ಇಲ್ಲದ ಸಂಘಕ್ಕೆ ಒಬ್ಬ ಕಾನೂನು ಸಲಹೆಗಾರರು. ಎಲ್ಲರೂ ಮೀಸೆಯವರೇ. ಇವರನ್ನೇ ಮೈದಾನಕ್ಕಿಳಿಸಿದರೆ ಎರಡು ತಂಡ ಆಗಿ, ಸೀಟಿ ಊದಲೂ ಒಬ್ಬರು ಉಳಿಯುತ್ತಾರೆ. ಆದರೆ ಅವರು ಇಳಿಯುವುದಿಲ್ಲ. ವೇದಿಕೆಗೆ ಹತ್ತುತ್ತಾರೆ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಭಾವ ಬಂದರು. "ಏಮ್ಮಾ, ಕಾಫಿ ಆಯ್ತಾ?" ಎನ್ನುತ್ತಲೇ ಕುಳಿತರು. ನಮ್ಮ ಅತ್ತೆಯ ತವರು ಚಿಂತಾಮಣಿಯ ಆಚೆ ಇರುವುದರಿಂದ ಈ ಮನೆಯಲ್ಲಿ ಮಾತು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಬಂದು ಸೇರುತ್ತದೆ. ಸಂಘದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಾರಂತೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಸಂಘದ ಚರಿತ್ರೆಯನ್ನು ನಾನೇ ಬರೆದುಕೊಡಬೇಕಂತೆ. ವಿವರವನ್ನೆಲ್ಲ ಅವರೇ ಹೇಳುತ್ತಾರಂತೆ. ಹೇಳಿದರು ಕೂಡ. ಅವರ ಪ್ರಕಾರ ಸಂಘ ಹುಟ್ಟಿದ್ದು ಅವರು ಅಧ್ಯಕ್ಷರಾದ ದಿನ. ಆಮೇಲೆ ಯಾರು ಯಾರಿಗೆ ಶಾಲು ಹೊದಿಸಿದರು, ಯಾವ ಗಣ್ಯರು ದೀಪ ಬೆಳಗಿದರು, ಯಾರ ಕಾರು ಕೆಟ್ಟುಹೋಗಿ ಸಮಾರಂಭ ತಡವಾಯಿತು, ಎಲ್ಲ ಬಂತು. ಸಂಘದ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಫುಟ್‌ಬಾಲ್ ಎಂಬ ಮಾತು ಬರಲಿಲ್ಲ. "ಹುಡುಗಿಯರ ವಿಷಯ, ಭಾವ?" ಎಂದೆ. "ಅವರದ್ದು ಗ್ರೂಪ್ ಫೋಟೊ ಹಾಕಣ ಬಿಡಮ್ಮ" ಎಂದರು. ಆ ದಿನ ಹೊಸ ಲೋಟವೇ ಹೋಯಿತು.

ನಿಜವಾದ ಚರಿತ್ರೆ ನನಗೆ ಗೊತ್ತಿಲ್ಲವೇ? ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಅದು ಶುರುವಾದದ್ದು ನನ್ನ ಕಣ್ಣೆದುರಿಗೇ. ಆ ಬಯಲಿನ ಒಂದು ಅಂಚಿನಲ್ಲಿ ಚಂದ್ರಿಕೆ ಬಾಡಿಗೆಗೆ ಕೊಡುವವನೊಬ್ಬನಿದ್ದಾನೆ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಆಳೆತ್ತರದ ಬಿದಿರಿನ ತಟ್ಟೆಗಳು ಅವು. ತೊಳೆದು ಬಿಸಿಲಿಗೆ ಒರಗಿಸಿರುತ್ತಾನೆ. ನಮ್ಮ ಕಾಲೇಜಿನ ಹುಡುಗಿಯರು ಅವುಗಳಲ್ಲಿ ನಾಲ್ಕನ್ನು ಎಳೆದುಕೊಂಡು ಹೋಗಿ ಆ ಕಡೆ ಎರಡು, ಈ ಕಡೆ ಎರಡು ನಿಲ್ಲಿಸಿ ಗೋಲು ಮಾಡಿಕೊಂಡರು. ಚೆಂಡು ಬಡಿದು ಬಿದಿರಿನ ದಬ್ಬೆ ಮುರಿದಾಗ ಅವನು ಬೈದ. ಬೈಗುಳಕ್ಕೆ ಬದಲಾಗಿ ಇವರು ಆಟ ಮುಗಿದ ಮೇಲೆ ಅವನ ಚಂದ್ರಿಕೆಗಳನ್ನು ತೊಳೆದುಕೊಟ್ಟರು. ಎಷ್ಟೋ ಕಾಲ ಹೀಗೇ ನಡೆಯಿತು. ಚಿಕ್ಕಬಳ್ಳಾಪುರದಿಂದ ಇಬ್ಬರು, ಕೈವಾರದಿಂದ ಒಬ್ಬಳು ಬಸ್ಸು ಹಿಡಿದು ಬಂದು ಸೇರಿಕೊಂಡರು. ಆಗೆಲ್ಲ ಒಬ್ಬ ಉಪಾಧ್ಯಕ್ಷನೂ ಆ ಕಡೆ ತಲೆ ಹಾಕಲಿಲ್ಲ. ಚಿಂತಾಮಣಿಯಲ್ಲಿ ಒಂದು ಪಂದ್ಯ ಗೆದ್ದು, ಆ ಸುದ್ದಿ ಪೇಪರಿನಲ್ಲಿ ಬೆರಳುದ್ದ ಬಂತು ನೋಡಿ, ಮಳೆ ಬಿದ್ದ ಮಾರನೆಯ ದಿನ ಅಣಬೆ ಏಳುವ ಹಾಗೆ ಸಮಿತಿ ಎದ್ದಿತು.

ಸಮಿತಿ ಬಂದ ಮೇಲೆ ಏನೂ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. ಟೀಶರ್ಟು ಬಂತು. ಬೆನ್ನ ಮೇಲೆ ನಂಬರು ಇರಬೇಕಾದ ಜಾಗದಲ್ಲಿ ಕೈಮುಗಿದು ನಗುವ ಭಾವನ ಮುಖ. ಅದನ್ನು ತೊಟ್ಟು ಹುಡುಗಿಯರು ಓಡುವಾಗ ಮೈದಾನದ ತುಂಬ ಭಾವಂದಿರು ಓಡಿದ ಹಾಗಿತ್ತು. ನನಗೆ ಮನೆಗೆ ಬರುವ ಒಬ್ಬ ಭಾವನನ್ನೇ ಸುಧಾರಿಸಲು ಆಗುವುದಿಲ್ಲ. ನಂಬರಿಲ್ಲದೆ ಯಾರನ್ನು ಏನೆಂದು ಕರೆಯಲಿ ಎಂದು ರೆಫರಿ ಆಟ ನಿಲ್ಲಿಸಿ, ಟೀಶರ್ಟನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡು ಬರಲು ಹೇಳಿದ. ಒಬ್ಬಳು ಸುಣ್ಣದ ಕಡ್ಡಿಯಲ್ಲಿ ಎಲ್ಲರ ಬೆನ್ನ ಮೇಲೂ ನಂಬರು ಬರೆದಳು. ಇದಕ್ಕೆ ಭಾವ ರೆಫರಿಯ ಮೇಲೆ ಇವತ್ತಿಗೂ ಮುನಿಸಿಕೊಂಡಿದ್ದಾರೆ.

ಇನ್ನು ಉದ್ಘಾಟನೆ. ಯಾವ ಪಂದ್ಯಾವಳಿಯಾದರೂ ಮೊದಲು ಭಾವ ಚೆಂಡು ಒದೆಯಬೇಕು. ಒಂದು ಸಲ ಬಿಳಿ ಪಂಚೆ, ಹೊಸ ಚಪ್ಪಲಿಯಲ್ಲಿ ಬಂದು, ಫೋಟೊದವನಿಗೆ ಸನ್ನೆ ಮಾಡಿ, ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗಿ ಓಡಿಬಂದು ಒದ್ದರು. ಚೆಂಡು ಇದ್ದಲ್ಲೇ ಇತ್ತು. ಬಲಗಾಲಿನ ಚಪ್ಪಲಿ ಮೇಲಕ್ಕೆ ಹಾರಿ, ಗಾಳಿಯಲ್ಲಿ ತಿರುಗಿ, ಗೋಲಿನ ನಟ್ಟನಡುವೆ ಹೋಗಿ ಬಿತ್ತು. ಸಮಿತಿಯವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಲಿಯನ್ನು ತಂದು ಅವರ ಕಾಲ ಬಳಿ ಇಟ್ಟವಳು ನಮ್ಮ ತಂಡದ ನಾಯಕಿ ರುಕ್ಸಾರ್. ಅವಳು ಆಡಲು ಬಂದವಳೋ ಚಪ್ಪಲಿ ಎತ್ತಲು ಬಂದವಳೋ?

ರುಕ್ಸಾರ್ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಅವಳ ತಂದೆ ಬಾಬಾಜಾನ್ ಅವರದು ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ಹರಾಜು, ಆಮೇಲೆ ಕತ್ತಲಾಗುವವರೆಗೆ ಬಿಸಿನೀರಿನ ಬಾಣಲೆಯ ಮುಂದೆ. ಮಗಳ ಆಟ ನೋಡಲು ಅವರಿಗೆ ಎಂದೂ ಬಿಡುವಾಗಿಲ್ಲ. ಅವರು ನೋಡಿರುವುದು ಪೇಪರಿನ ಫೋಟೊಗಳನ್ನು ಮಾತ್ರ. ಅದರಲ್ಲಿ ಸಮಿತಿಯವರು ಕಪ್ಪು ಹಿಡಿದು ನಿಂತಿರುತ್ತಾರೆ. ಹಿಂದೆ ಶಾಲು, ಹಣ್ಣಿನ ತಟ್ಟೆ ಹಿಡಿದ ಎರಡು ಕೈ ಕಾಣುತ್ತವೆ. ಆ ಕೈ ರುಕ್ಸಾರಳದು. ಈಗ ಅವಳಿಗೆ ಬೆಂಗಳೂರಿಗೆ ಹೋಗಿ ಕೋಚ್ ಆಗುವ ತರಬೇತಿ ಪಡೆಯಬೇಕು. ಬಾಬಾಜಾನ್ ಬೇಡವೆನ್ನಲಿಲ್ಲ. ನೀನು ಆಡೋಕೆ ಹೋಗ್ತೀಯೋ ತಟ್ಟೆ ಹಿಡಿಯೋಕೆ ಹೋಗ್ತೀಯೋ, ತಟ್ಟೆ ಹಿಡಿಯೋದಕ್ಕೆ ತರಬೇತಿ ಯಾಕೆ ಎಂದು ಕೇಳಿದರಂತೆ. ಅವಳು ನನ್ನ ಹತ್ತಿರ ಬಂದಳು. "ಮೇಡಂ, ಚರಿತ್ರೆ ನೀವೇ ಬರೀತಿದೀರಂತಲ್ಲ. ಅಬ್ಬಾ ಕನ್ನಡ ಓದ್ತಾರೆ. ನಾನು ಆಡ್ತೀನಿ ಅಂತ ಅದ್ರಲ್ಲಿ ಇದ್ರೆ ಸಾಕು, ಕಳಿಸ್ತಾರೆ" ಎಂದಳು. ಇಷ್ಟು ಸಣ್ಣ ವಿಷಯವನ್ನು ಒಬ್ಬ ಹುಡುಗಿ ಬೇಡಿಕೊಳ್ಳಬೇಕಾಗಿ ಬಂತಲ್ಲ ಎಂದು ನನಗೆ ಎಂಥ ಕೋಪ ಬಂತೆಂದರೆ, ಜೀವಮಾನದಲ್ಲಿ ಮೊದಲ ಸಲ ಲೋಟ ಬಿಟ್ಟು ಪೆನ್ನು ಹಿಡಿದೆ.

ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಗೌರಿಬಿದನೂರಿನ ಫೈನಲ್. ಆ ದಿನ ಬೆಳಗಾಗುತ್ತಲೇ ನಮ್ಮ ಗೋಲ್‌ಕೀಪರ್ ಅನಿತಾಳ ಮನೆಯಲ್ಲಿ ಹುಳು ಹಣ್ಣಾಗಿಬಿಟ್ಟಿತು. ಈ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ ತಲೆ ಎತ್ತಿ ಆಡಿಸಲು ಶುರುಮಾಡಿತೆಂದರೆ ಕೂಡಲೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಇಲ್ಲವಾದರೆ ಕಟ್ಟಬೇಕಾದ ನೂಲನ್ನು ಕಂಡಲ್ಲಿ ಉಗುಳಿ ಬೆಳೆ ಹಾಳು. ಅಂಥ ದಿನ ಮನೆಯಲ್ಲಿ ಮದುವೆಯಿದ್ದರೂ ಯಾರೂ ಏಳುವುದಿಲ್ಲ, ಫುಟ್‌ಬಾಲ್ ಯಾವ ಲೆಕ್ಕ? ಅನಿತಾ ಫೋನಿನಲ್ಲಿ ಅಳುತ್ತಾ ಬರಲಾಗುವುದಿಲ್ಲ ಎಂದಳು. ರುಕ್ಸಾರ್ ಇಡೀ ತಂಡವನ್ನು ಅನಿತಾಳ ಹಳ್ಳಿಗೆ ಕರೆದುಕೊಂಡು ಹೋದಳು. ಜೊತೆಗೆ ನನ್ನನ್ನೂ. ಅನಿತಾಳ ಅಜ್ಜಿ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಮೂಸಿ ನೋಡಿದರು. ಹುಳುವಿಗೆ ವಾಸನೆ ಆಗದು. ಪೌಡರ್ ಹಾಕಿಕೊಂಡಿದ್ದವರನ್ನು ಮುಖ ತೊಳೆಯಲು ಅಟ್ಟಿದರು. ಅದರಲ್ಲಿ ನಾನೂ ಇದ್ದೆ. ಹುಟ್ಟಿದಾಗಿನಿಂದ ಗೂಡಿನ ನಡುವೆಯೇ ಬೆಳೆದ ರುಕ್ಸಾರ್ ಜೀವಂತ ಹುಳುವನ್ನು ಮುಟ್ಟಿದ್ದು ಅವತ್ತೇ ಮೊದಲು. ಕಣ್ಣು ಅರೆಮುಚ್ಚಿಕೊಂಡು ಒಂದೊಂದನ್ನೇ ಎತ್ತಿ ಬಿಟ್ಟಳು. ಕೊನೆಯ ಚಂದ್ರಿಕೆ ತುಂಬಿದ ಮೇಲೆ ಎಲ್ಲರೂ ಬಸ್ಸಿಗೆ ಓಡಿದೆವು.

ಭಾವ ಅಷ್ಟು ಹೊತ್ತಿಗೆ ಕಾರಿನಲ್ಲಿ ಶಾಲುಗಳ ಸಮೇತ ಗೌರಿಬಿದನೂರು ಸೇರಿಯಾಗಿತ್ತು. ನಾವು ತಲುಪಿದಾಗ ಭಾಷಣ ನಡೆಯುತ್ತಿತ್ತು. ಹುಡುಗಿಯರು ಬಿಸಿಲಲ್ಲಿ ಸಾಲಾಗಿ ನಿಂತರು. ಮಹಿಳೆಯರನ್ನು ಮುಂದೆ ತರಬೇಕು ಎಂದು ಕಾರ್ಯಾಧ್ಯಕ್ಷರು ಹೇಳಿದರು. ಅದನ್ನೇ ಗೌರವಾಧ್ಯಕ್ಷರು ಇನ್ನೊಮ್ಮೆ ಹೇಳಿದರು. ಆಮೇಲೆ ಭಾವ ಎದ್ದರು. ಭಾಷಣ ಎಷ್ಟು ಬೆಳೆಯಿತೆಂದರೆ, ಬೆಳಕು ಸಾಲದೆಂದು ಆಟದ ಉತ್ತರಾರ್ಧವನ್ನು ಅರ್ಧಕ್ಕೆ ಇಳಿಸಿದರು. ಆಟ ನಡೆಯುವಾಗಲೂ ವೇದಿಕೆಯ ಮೇಲೆ ಯಾರಿಗೋ ಮೈಸೂರು ಪೇಟ ತೊಡಿಸುತ್ತಿದ್ದರು. ನಾನು ಅದನ್ನೇ ದುರುಗುಟ್ಟಿ ನೋಡುತ್ತ, ಹಲ್ಲು ಕಡಿಯುತ್ತ ಕುಳಿತಿದ್ದೆ. ಕಪ್ಪು ನಮಗೇ ಬಂತು. ಅದನ್ನು ಹಿಡಿದವರು ಯಾರೆಂದು ನೀವೇ ಊಹಿಸಬಹುದು.

ಇದನ್ನೆಲ್ಲ ಬರೆದೆ. ಮೀಸೆ, ಟೀಶರ್ಟು, ಚಪ್ಪಲಿ, ಹುಳು, ಪೇಟ, ಯಾವುದನ್ನೂ ಬಿಡಲಿಲ್ಲ. ನಡುವೆ ಭಾವ ಒಂದು ಸಲ ಬಂದು, ಮೇಲಿದ್ದ ಹುಳುವಿನ ಪುಟ ಒಂದನ್ನೇ ನೋಡಿ, ಗಣ್ಯರು ಓದುವುದರಲ್ಲಿ ಹುಳುಗಿಳು ಯಾಕಮ್ಮ ಎಂದರು. ಗಣ್ಯರು ಹೊದೆಯುವ ರೇಷ್ಮೆ ಶಾಲು ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಬರೆದೆ. ಬರೆದು ಮುಗಿಸಿದಾಗ ನನಗೆ ನನ್ನ ಮೇಲೆ ಬಹಳ ಗೌರವ ಬಂತು. ಸಂಚಿಕೆಯ ಸಮಿತಿಗೆ ಕೊಡುವ ಮೊದಲು ಬಾಬಾಜಾನ್ ಅವರೇ ಓದಲಿ ಎಂದು ನೇರವಾಗಿ ಅವರ ಘಟಕಕ್ಕೆ ಹೋದೆ.

ಬೆಂದ ಹುಳುವಿನ ವಾಸನೆ, ಆವಿ. ರುಕ್ಸಾರ್ ಗೂಡಿನ ಬುಟ್ಟಿ ಎತ್ತಿ ಇಡುತ್ತಿದ್ದಳು. ಬಾಬಾಜಾನ್ ಕೈ ಒರೆಸಿಕೊಂಡು, ಕನ್ನಡಕ ಹಾಕಿ, ಒಂದು ಸ್ಟೂಲು ನನ್ನ ಕಡೆ ತಳ್ಳಿ ಓದಲು ಕುಳಿತರು. ನಿಧಾನವಾಗಿ ಓದಿದರು. ಟೀಶರ್ಟಿನ ಹತ್ತಿರ ನಕ್ಕರು. ಚಪ್ಪಲಿಯ ಹತ್ತಿರ ಜೋರಾಗಿಯೇ ನಕ್ಕರು. ಅಜ್ಜಿ ಮೂಸಿ ನೋಡಿದ್ದಕ್ಕೆ ತಲೆದೂಗಿದರು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ. ಕೊನೆಯ ಪುಟವನ್ನೂ ಮುಗಿಸಿ, ಅದರ ಹಿಂದೆ ಇನ್ನೇನಾದರೂ ಇದೆಯೇ ಎಂದು ತಿರುಗಿಸಿ ನೋಡಿದರು.

"ಬಹಳ ಚೆನ್ನಾಗೈತೆ ಮೇಡಂ" ಎಂದರು. "ನಿಮ್ ಭಾವ ಅವ್ರಿಗೆ ಸರಿಯಾಗೇ ಕೊಟ್ಟಿದೀರ. ಆದ್ರೆ ಇದ್ರಲ್ಲಿ ಗೋಲಿಗೆ ಹೋಗಿರೋದು ಅವರ ಚಪ್ಪಲಿ ಒಂದೇ. ನಮ್ ಹುಡುಗಿ ಏನ್ ಮಾಡಿದ್ಲು?"

ನಾನು ಕಾಗದ ಇಸಿದುಕೊಂಡು ಹುಡುಕಿದೆ. ರುಕ್ಸಾರ್ ಚಪ್ಪಲಿ ಎತ್ತಿದ್ದಳು. ತಟ್ಟೆ ಹಿಡಿದಿದ್ದಳು. ಹುಳು ಆರಿಸಿದ್ದಳು. ಬಿಸಿಲಲ್ಲಿ ನಿಂತಿದ್ದಳು. ಅವಳು ಚೆಂಡನ್ನು ಒದ್ದದ್ದು ಎಲ್ಲೂ ಇರಲಿಲ್ಲ. ಪುಟಗಟ್ಟಲೆ ಬರೆದರೂ ನನ್ನ ಫುಟ್‌ಬಾಲ್ ಚರಿತ್ರೆಯಲ್ಲಿ ಫುಟ್‌ಬಾಲಿಗೆ ಜಾಗವಾಗಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ ಫೈನಲ್ಲಿನಲ್ಲಿ ಗೋಲು ಹೇಗಾಯಿತೆಂದು ನನಗೆ ಗೊತ್ತೇ ಇರಲಿಲ್ಲ. ಆಗ ನಾನು ಪೇಟ ನೋಡುತ್ತಿದ್ದೆ. ರುಕ್ಸಾರ್ ಕಡೆ ತಿರುಗಿ, ನೀನೇ ಹೇಳಮ್ಮ ಎಂದೆ. ಅವಳು ಬುಟ್ಟಿ ಕೆಳಗಿಟ್ಟಳು.

"ಅನಿತಾ ಜೋರಾಗಿ ಒದ್ಲು. ನನ್ ಹತ್ರ ಬಂತು. ಕತ್ತಲಾಗ್ತಿತ್ತು, ಬಲಗಾಲಿಗೆ ತಗೊಳಕ್ಕೆ ಟೈಮ್ ಇರ್ಲಿಲ್ಲ. ಎಡಗಾಲಲ್ಲೇ ಹೊಡ್ದೆ. ಅವ್ರ ಕೀಪರ್ ಆ ಕಡೆ ಬಿದ್ಲು, ಚೆಂಡು ಈ ಕಡೆ ಹೋಯ್ತು. ಅಷ್ಟೇ."

ಬಾಬಾಜಾನ್ ಕನ್ನಡಕ ತೆಗೆದು ಮಗಳ ಕಾಲನ್ನೇ ನೋಡಿದರು. "ಎಡಗಾಲಲ್ಲಾ?" ಎಂದರು. ಅವಳು ಹೂಂ ಎಂದಳು. ಅವರು ಇನ್ನೊಂದು ಸಲ, ಅದೇ ಮಾತನ್ನು ಉರ್ದುವಿನಲ್ಲಿ ಕೇಳಿದರು. ಅವಳು ಅದಕ್ಕೂ ಹೂಂ ಎಂದು, ಬಾಣಲೆಗಳ ನಡುವೆ ಇದ್ದ ಇಷ್ಟೇ ಇಷ್ಟು ಜಾಗದಲ್ಲಿ ಒಂದು ಗೂಡನ್ನು ಕೆಳಗೆ ಹಾಕಿ ಹೇಗೆ ಹೊಡೆದೆನೆಂದು ತೋರಿಸಿದಳು. ಅದು ಹೋಗಿ ನನ್ನ ಸ್ಟೂಲಿನ ಕಾಲಿಗೆ ಬಡಿಯಿತು. ಬೆಂಗಳೂರಿಗೆ ಯಾವತ್ತು ಹೋಗಬೇಕು ಎಂದು ಬಾಬಾಜಾನ್ ಕೇಳಿದರು.

ಸ್ಮರಣ ಸಂಚಿಕೆಗೆ ಕೊನೆಗೆ ಹೋದದ್ದು ಅವಳ ಆ ಮಾತುಗಳು, ಅವಳು ಹೇಳಿದ ಹಾಗೆಯೇ, ಅವಳ ಹೆಸರಿನಲ್ಲಿ. ಭಾವ ಓದಿ, "ಚೆನ್ನಾಗಿದೆ ಕಣಮ್ಮ, ಸ್ವಲ್ಪ ಚಿಕ್ಕದಾಯ್ತು. ಉಳಿದ ಜಾಗಕ್ಕೆ ನನ್ ಫೋಟೊ ಹಾಕಣ" ಎಂದರು. ಹಾಕಿದ್ದಾರೆ. ನನ್ನ ಪುಟಗಳು ಮಾತ್ರ ಹಾಗೇ ಉಳಿದುಹೋದವು. ಅಷ್ಟು ಒಳ್ಳೆಯ ಸಿಟ್ಟನ್ನು ಸುಮ್ಮನೆ ಬಿಸಾಡಲು ಮನಸ್ಸಾಗದೆ, ರುಕ್ಸಾರಳ ಗೋಲನ್ನೂ ಸೇರಿಸಿ ಇಲ್ಲಿ ನಿಮ್ಮ ಮುಂದೆ ಇಟ್ಟಿದ್ದೇನೆ. ಇಷ್ಟಾದ ಮೇಲೂ ಇದರಲ್ಲಿ ಹುಡುಗಿಯರಿಗಿಂತ ಭಾವನೇ ಹೆಚ್ಚಿದ್ದಾರೆ ಎಂದು ಅನ್ನಿಸಿದರೆ ದಯವಿಟ್ಟು ನನ್ನೆದುರು ಹೇಳಬೇಡಿ. ಮನೆಯಲ್ಲಿ ಇನ್ನು ಉಳಿದಿರುವುದು ಗಾಜಿನ ಲೋಟಗಳು.