ಟಪಾಲು ಇದ್ವಲ್‌ನ ಮನೆಯ ಹಾಡು

ಜನವರಿಯ ಆ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಟಪಾಲು ಇದ್ವಲ್‌ನ ಗಂಟಲಲ್ಲಿ ಒಂದು ಸಣ್ಣ ಕೆರೆತ ಕಾಣಿಸಿಕೊಂಡಿತು. ಬೇರೆ ದಿನವಾಗಿದ್ದರೆ ಬಿಸಿ ಚಹಾ ಕುಡಿದು ಮರೆತುಬಿಡುವಷ್ಟು ಸಣ್ಣದು. ಅವನು ಮಾಡಿದ ತಪ್ಪು ಒಂದೇ. ಅದನ್ನು ಅಂಚೆ ಕಚೇರಿಯ ಗ್ಲೆನಿಸ್‌ಗೆ ಹೇಳಿದ.

ನಮ್ಮ ಪಾಂಟ್‌ಹೆಲಿಗ್ ಹಳ್ಳಿಯಲ್ಲಿ ಗ್ಲೆನಿಸ್‌ಗೆ ಹೇಳುವುದೂ ಚರ್ಚಿನ ಗಂಟೆ ಹೊಡೆಯುವುದೂ ಹೆಚ್ಚುಕಡಿಮೆ ಒಂದೇ. ಗಂಟೆಯ ಸದ್ದು ಬೆಟ್ಟದಾಚೆ ಕೇಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

"ಗಂಟಲಾ? ಇವತ್ತಾ?" ಗ್ಲೆನಿಸ್ ಕೈಯಲ್ಲಿದ್ದ ಕಾಗದಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. "ಅಯ್ಯೋ ದೇವರೇ! ಸಂಜೆ ಪ್ಲಗೈನ್ ಇಟ್ಕೊಂಡು ಗಂಟಲು ಕೆಡಿಸ್ಕೊಂಡಿದ್ದೀಯಲ್ಲೋ!"

"ನಾನೆಲ್ಲಿ ಕೆಡಿಸ್ಕೊಂಡೆ? ಸ್ವಲ್ಪ ಕೆರೀತಿದೆ ಅಷ್ಟೇ."

"ಸ್ವಲ್ಪಾನೋ ಜಾಸ್ತೀನೋ ನಾನು ಹೇಳ್ತೀನಿ. ಎಲ್ಲಿ, ಒಂದು ಸಾಲು ಹಾಡು."

ಇದ್ವಲ್ ಸುತ್ತ ನೋಡಿದ. ಪಾರ್ಸೆಲ್ಲಿನ ಚೀಲಗಳ ಹೊರತು ಯಾರೂ ಇರಲಿಲ್ಲ. ಟೋಪಿ ತೆಗೆದು, ಮೊದಲ ಸಾಲನ್ನು ಮೆಲ್ಲಗೆ ಹಾಡಿದ. ಗ್ಲೆನಿಸ್ ಕಣ್ಣು ಮುಚ್ಚಿ ಕೇಳಿದಳು.

"ಎರಡನೇ ಪದದ ಹತ್ರ ಮುಳ್ಳು ಸಿಕ್ಕಿದ ಹಾಗಿದೆ," ಎಂದಳು ಕೊನೆಗೆ. "ಇನ್ನೊಂದ್ಸಲ ಹಾಡು."

ಅವಳ ಗಾಬರಿಗೆ ಕಾರಣವಿತ್ತು. ಪ್ಲಗೈನ್ ಎಂದರೆ ಹಬ್ಬ ಕಳೆದು ಜನವರಿಯಲ್ಲಿ ಚರ್ಚಿನಲ್ಲಿ ಸೇರುವ ನಮ್ಮ ಕ್ರಿಸ್ಮಸ್ ಹಾಡುಗಳ ಸಂಜೆ. ಯಾರು ಯಾವಾಗ ಹಾಡಬೇಕೆಂದು ಯಾರೂ ಕೂಗಿ ಕರೆಯುವುದಿಲ್ಲ. ಪ್ರಾರ್ಥನೆ ಮುಗಿದು ಚರ್ಚು ಮೌನವಾದ ಮೇಲೆ ಒಂದು ಮನೆಯವರು ಎದ್ದು ಮುಂದೆ ಹೋಗುತ್ತಾರೆ. ವಾದ್ಯವಿಲ್ಲದೆ ಹಾಡಿ, ಚಪ್ಪಾಳೆಯಿಲ್ಲದೆ ಹಿಂದಿರುಗುತ್ತಾರೆ. ಮತ್ತೆ ಮೌನ, ಮತ್ತೊಂದು ಮನೆ. ಒಮ್ಮೆ ಹಾಡಿದ ಹಾಡನ್ನು ಆ ಸಂಜೆ ಇನ್ನೊಮ್ಮೆ ಹಾಡುವಂತಿಲ್ಲ, ಹಾಡಿದವರು ಯಾರೇ ಆಗಿರಲಿ. ಒಂದೊಂದು ಮನೆಗೂ ತನ್ನದೇ ಹಾಡಿದೆ. ಅದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಆದರೆ ಮೂರು ವರ್ಷ ಒಂದೇ ಸಮನೆ ಒಂದು ಮನೆಯವರು ಎದ್ದು ಬಂದು ಹಾಡದಿದ್ದರೆ ಆ ಹಾಡು ಮನೆ ಬಿಟ್ಟಿತೆಂದೇ ಲೆಕ್ಕ. ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಇದ್ವಲ್‌ನ ತಾಯಿ ತೀರಿಕೊಂಡು ಎರಡು ಪ್ಲಗೈನ್‌ಗಳು ಕಳೆದಿದ್ದವು. ಅವಳಿದ್ದಾಗ ರಾಗ ಅವಳದು, ಅದರ ಜೊತೆಜೊತೆಗೇ ಬೇರೆ ಸ್ವರಗಳಲ್ಲಿ ನಡೆಯುವ ಕೆಳಗಿನ ದನಿ ಇವನದು. ಮೂವತ್ತು ವರ್ಷ ಹಾಗೆ ನಡೆದಿತ್ತು. ಮೊದಲ ವರ್ಷ ಎದ್ದು ಹೋಗಲು ಕಾಲು ಬರಲಿಲ್ಲ. ಎರಡನೆಯ ವರ್ಷ ಕಾಲು ಬಂತು. ಅರ್ಧ ದಾರಿಯಲ್ಲಿ ಅಳು ಬಂದು, ಮೋಂಬತ್ತಿ ಸರಿಮಾಡಲು ಬಂದವನಂತೆ ನಟಿಸಿ ಹಿಂದಿರುಗಿದ. ಇದು ಮೂರನೆಯದು. ಇವತ್ತು ಒಬ್ಬನೇ ನಿಂತು ತಾಯಿಯ ರಾಗವನ್ನು ಹಾಡಬೇಕೆಂದು ಅಕ್ಟೋಬರಿನಿಂದ ಟಪಾಲು ವ್ಯಾನಿನಲ್ಲಿ ಅಭ್ಯಾಸ ಮಾಡಿದ್ದ.

ಆ ಹಾಡಾದರೂ ಎಂಥದ್ದು! ಹುಟ್ಟಿದ ಮಗುವಿನ ಹಾಡು, ಆದರೆ ಆರನೆಯ ಚರಣದ ಹೊತ್ತಿಗೆ ಶಿಲುಬೆಯ ನೆರಳು ತೊಟ್ಟಿಲ ಮೇಲೆ ಬಿದ್ದಿರುತ್ತದೆ. "ಹೆಜ್ಜೆ ಮೂಡದ ಹಾಗೆ ಬಂದೆ, ಹಿಮವೂ ಅರಿಯಲಿಲ್ಲ" ಎಂಬ ಸಾಲಿನಲ್ಲಿ ರಾಗ ಮೆಟ್ಟಿಲಿಳಿದು ಕತ್ತಲೆಗೆ ಹೋಗುವಾಗ ಕೇಳುವವರ ಬೆನ್ನಿನಲ್ಲಿ ತಣ್ಣಗೆ ಏನೋ ಹರಿಯುತ್ತದೆ. ಕೇಳಿದವರು ಒಂದು ವಾರ ಮಾತಿನ ನಡುವೆ ಗುನುಗುತ್ತಿರುತ್ತಾರೆ.

ಬೇಕರಿಯ ಮೈರಿಗ್ ಹತ್ತು ವರ್ಷದಿಂದ ಗುನುಗುತ್ತಿದ್ದ.

"ಬಾರೋ ಇದ್ವಲ್," ಎಂದ ಮೈರಿಗ್, ಕಾಗದ ಕೊಡಲು ಹೋದ ಇವನನ್ನು ಒಲೆಯ ಹತ್ತಿರಕ್ಕೇ ಎಳೆದುಕೊಂಡು. ಸುದ್ದಿ ವ್ಯಾನಿಗಿಂತ ಮುಂಚೆ ತಲುಪಿತ್ತು. "ಗಂಟಲು ಪೂರ್ತಿ ಹೋಗಿದೆಯಂತೆ?"

"ಹೋಗಿಲ್ಲ. ಕೆರೀತಿದೆ."

"ನೋಡು, ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಓದಿದೋರು, ಅದಕ್ಕೇ ಹೇಳ್ತೀನಿ. ನಿನ್ನ ಕೈಲಿ ಆಗದಿದ್ರೆ ಬಲವಂತ ಬೇಡ. ನಿಮ್ಮಮ್ಮನ ಹಾಡು ಅನಾಥ ಆಗಲ್ಲ. ನಾನು, ನನ್ನ ತಮ್ಮ, ಅವನ ಹೆಂಡ್ತಿ, ಮೂರು ಜನ ಇದ್ದೀವಿ."

"ನಾನು ಇನ್ನೂ ಸತ್ತಿಲ್ಲ ಮೈರಿಗ್."

"ಛೆ, ಅಂಥಾ ಮಾತೆಲ್ಲ ಆಡ್ಬೇಡ. ಎಲ್ಲಿ, ಎರಡನೇ ಚರಣ ಹೇಳು, ಎಷ್ಟು ಕೆಟ್ಟಿದೆ ನೋಡೋಣ."

ಇದ್ವಲ್ ಹಟಕ್ಕೆ ಬಿದ್ದು ಎರಡನೆಯ ಚರಣವನ್ನು ಪೂರ್ತಿ ಹಾಡಿದ. ಬ್ರೆಡ್ಡು ಕೊಳ್ಳಲು ನಿಂತಿದ್ದ ನಾಲ್ಕೈದು ಜನ ತಲೆತಗ್ಗಿಸಿ ಕೇಳಿದರು. ಮೈರಿಗ್‌ನ ಹೆಂಡತಿ ಒಳಗಿಂದ ಬಂದು, ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿ ಕರವಸ್ತ್ರದಲ್ಲಿ ಕಟ್ಟಿ ಇದ್ವಲ್‌ನ ಕೋಟಿನ ಮೇಲಿನ ಜೇಬಿಗೆ ತುರುಕಿದಳು. "ಮೂಗಿನ ಹತ್ರಾನೇ ಇರ್ಲಿ, ಸಂಜೆವರೆಗೂ ತೆಗೀಬೇಡಿ," ಎಂದಳು. ಅಂದಿನ ಉಳಿದ ಕಾಗದಗಳನ್ನೆಲ್ಲ ಇದ್ವಲ್ ಅಳುತ್ತಲೇ ಹಂಚಿದ.

ಹೋದ ಮನೆಯಲ್ಲೆಲ್ಲ ಅದೇ ಕತೆ. ಬಾಗಿಲು ತೆರೆಯುವ ಮೊದಲೇ "ಎಲ್ಲಿ, ಹಾಡು" ಎಂಬ ಮಾತು ಬರುತ್ತಿತ್ತು. ಒಬ್ಬರು ಜೇನು ಮತ್ತು ವಿನೆಗರ್ ಕುಡಿಸಿದರು. ಮುಂದಿನ ಮನೆಯವರು ಅದನ್ನು ಕೇಳಿ ಹೌಹಾರಿ, ವಿನೆಗರ್ ಇಳಿಯಲಿ ಎಂದು ಹಾಲು ಕುಡಿಸಿದರು. ಅದರ ಮುಂದಿನ ಮನೆಯವರು ಹಾಲಿನಿಂದ ಕಫ ಕಟ್ಟುತ್ತದೆಂದು ಸೇಬಿನ ಬಿಸಿ ಸೈಡರ್ ಕುಡಿಸಿದರು. ಬೇಡ ಎನ್ನುವ ಸ್ವಭಾವ ಇದ್ವಲ್‌ನದಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲವನ್ನೂ ನುಂಗಿದ, ಎಲ್ಲ ಕಡೆಯೂ ಹಾಡಿದ. ಕೆಳಬೀದಿಗೆ ಮೊದಲ ಚರಣ, ಸೇತುವೆಯ ಕಡೆಗೆ ಮೂರನೆಯದು, ಹೀಗೆ. ಹತ್ತು ಗಂಟೆಯ ಹೊತ್ತಿಗೆ ಗಂಟಲಿನ ಕೆರೆತ ನಿಜವಾದ ನೋವಾಯಿತು.

ಬೆಟ್ಟದ ಮೇಲಿನ ಹೊಲಮನೆಯಲ್ಲಿ ನೆಸ್ಟಾ ಆಂಟಿ ಹೆಬ್ಬಾತಿನ ಕೊಬ್ಬನ್ನು ಬೆಚ್ಚಗೆ ಮಾಡಿಕೊಂಡು ಕಾದಿದ್ದಳು. ಎಂಬತ್ತಾರು ವರ್ಷ, ಮಾತಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಅಂಗಿ ಬಿಚ್ಚು ಮಗಾ."

"ಆಂಟಿ, ಇನ್ನೂ ಹದಿನೆಂಟು ಮನೆ ಇದೆ."

"ಕಾಗದ ನಾಳೆ ಬಂದ್ರೂ ಕಾಗದಾನೇ. ಬಿಚ್ಚು ಅಂದೆ."

ಎದೆಗೆ ಕೊಬ್ಬು, ಅದರ ಮೇಲೆ ಕಂದು ಕಾಗದ, ಕುತ್ತಿಗೆಗೆ ಅವಳ ಸತ್ತ ಗಂಡನ ಉಣ್ಣೆಯ ಕಾಲುಚೀಲ. ಇದ್ವಲ್ ಈಗ ಹಬ್ಬಕ್ಕೆ ಕಟ್ಟಿಟ್ಟ ಮಾಂಸದ ಹಾಗೆ ಕಾಣುತ್ತಿದ್ದ. "ನಾಲ್ಕನೇದು ಹಾಡು," ಎಂದಳು. ಹಾಡಿದ. ಅರ್ಧಕ್ಕೆ ಅವಳೂ ನಡುಗುವ ದನಿಯಲ್ಲಿ ಸೇರಿಕೊಂಡಳು.

"ನಿಮ್ಮಮ್ಮ ಈ ಚರಣಕ್ಕೆ ಮುಂಚೆ ಉಸಿರು ಎಳ್ಕೊಳ್ಳೋದು ಹಿಂದಿನ ಸಾಲಿನವರೆಗೂ ಕೇಳಿಸ್ತಿತ್ತು," ಎಂದಳು ನೆಸ್ಟಾ. "ನಾನು ಆ ಉಸಿರು ಕೇಳೋಕೇ ಬರ್ತಿದ್ದೆ."

ಇದ್ವಲ್ ಕಣ್ಣು ಒರೆಸಿಕೊಂಡ. ಈರುಳ್ಳಿ ಇದ್ದದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನ ಎರಡಕ್ಕೆ ಅವನು ಪಾದ್ರಿ ಕ್ರಿಸ್ಪಿನ್ ಅವರ ಮನೆ ತಲುಪಿದಾಗ ಅವನಲ್ಲಿ ಉಳಿದಿದ್ದದ್ದು ಪಿಸುಮಾತು ಮಾತ್ರ. ಪಾದ್ರಿಗಳು ಲಂಡನ್ ಕಡೆಯವರು, ಬಂದು ಮೂರು ತಿಂಗಳಾಗಿತ್ತು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದರಿಂದ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. ಬಹಳ ಒಳ್ಳೆಯವರು.

"ಬನ್ನಿರಿ, ಬನ್ನಿರಿ. ನಿಮ್ಮ ಕಂಠದ ವಿಷಯವನ್ನು ಏಳು ಜನರು ದೂರವಾಣಿಯಲ್ಲಿ ತಿಳಿಸಿರುವರು. ನಾನೂ ಕೇಳಬಹುದಾಗಿತ್ತು, ಆದರೆ ನನ್ನ ಕಿವಿಗೆ ಸಂಗೀತವು ತಿಳಿಯದು. ಪದಗಳನ್ನಾದರೂ ಬರೆದುಕೊಡುವಿರಾ? ನನ್ನ ಭಾಷಾಭ್ಯಾಸಕ್ಕೆ ಒದಗುವುದು."

ಕೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ ಇದ್ವಲ್. ಆರು ಚರಣಗಳನ್ನೂ ಗುಂಡಗಿನ ಅಕ್ಷರದಲ್ಲಿ ಬರೆದ. ಒಂದು ಕಡೆ ಅಲ್ಪವಿರಾಮ ತಪ್ಪಿದ್ದನ್ನು ಕಂಡು ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದ. ಬರೆದು ಮುಗಿಸಿ, ಕಣ್ಣೀರು ಒರೆಸಿಕೊಳ್ಳುತ್ತ ಪಿಸುಗುಟ್ಟಿದ: "ಪಾದ್ರಿಗಳೇ, ಇವತ್ತು ಈ ಹಾಡು ಹಾಡದೇ ಹೋದ್ರೆ... ಮೂರನೇ ವರ್ಷ ಇದು... ನಮ್ಮ ಮನೆ..." ಮುಂದೆ ಪಿಸುಮಾತೂ ಹೊರಡಲಿಲ್ಲ.

ಪಾದ್ರಿಗಳು ಅವನ ಎರಡೂ ಕೈ ಹಿಡಿದುಕೊಂಡರು. "ಚಿಂತಿಸಬೇಡಿರಿ. ಈ ಹಾಡು ಇಂದು ಸಂಜೆ ಮೌನವಾಗಿ ಉಳಿಯದು. ಇದು ನನ್ನ ಮಾತು."

ಆ ಮಾತಿನಿಂದ ಇದ್ವಲ್‌ಗೆ ಬಹಳ ಧೈರ್ಯ ಬಂತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಕಾಲುಚೀಲವನ್ನೂ ಈರುಳ್ಳಿಯನ್ನೂ ತೆಗೆದೆಸೆದು, ಯಾರ ಔಷಧಿಯೂ ಇಲ್ಲದೆ, ಯಾರೊಂದಿಗೂ ಮಾತಿಲ್ಲದೆ ನಾಲ್ಕು ಗಂಟೆ ಕಾಲ ಕುಳಿತ. ಆರೂವರೆಗೆ ವ್ಯಾನಿನಲ್ಲಿ ಕುಳಿತು ಹೆದರುತ್ತ ಬಾಯಿ ತೆರೆದ. ಮೊದಲ ಸಾಲು ಬಂತು. ಒರಟಾಗಿತ್ತು, ಆದರೆ ಪೂರ್ತಿ ಬಂತು. ಎರಡನೆಯ ಸಾಲು ಇನ್ನೂ ನಯವಾಗಿ ಬಂತು. ಇದ್ವಲ್ ಸ್ಟಿಯರಿಂಗ್ ಚಕ್ರಕ್ಕೆ ಹಣೆ ಒತ್ತಿ ಒಂದು ನಿಮಿಷ ಹಾಗೇ ಇದ್ದ.

ಚರ್ಚು ತುಂಬಿತ್ತು. ಕಿಟಕಿಯ ಕಟ್ಟೆಗಳ ಮೇಲೆಲ್ಲ ಮೋಂಬತ್ತಿ, ಒದ್ದೆ ಕೋಟುಗಳ ವಾಸನೆ. ಇದ್ವಲ್ ಬೆಂಚುಗಳ ನಡುವಿನ ಓಣಿಯ ಪಕ್ಕದಲ್ಲೇ ಕುಳಿತ. ಪ್ರಾರ್ಥನೆ ಮುಗಿದ ಕೂಡಲೇ, ಹೆದರಿಕೆಗೆ ಸಮಯ ಕೊಡದೆ, ಎಲ್ಲರಿಗಿಂತ ಮೊದಲು ಎದ್ದುಬಿಡಬೇಕೆಂದು ನಿರ್ಧರಿಸಿದ್ದ. ಹಿಂದಿನ ಸಾಲಿನಲ್ಲಿ ಮೈರಿಗ್ ತನ್ನ ತಮ್ಮನ ಜೊತೆ ಕುಳಿತಿದ್ದ, ಮುಂದಿನ ವರ್ಷ ಆ ಹಾಡು ತನ್ನದೇ ಎಂಬ ಮುಖ ಹೊತ್ತುಕೊಂಡು.

ಪ್ರಾರ್ಥನೆ ಮುಗಿಯಿತು. ಇದ್ವಲ್ ಎದ್ದ. ಅದೇ ಕ್ಷಣ ಪಾದ್ರಿ ಕ್ರಿಸ್ಪಿನ್ ಕೂಡ ಕಾಗದಗಳ ದೊಡ್ಡ ಕಟ್ಟೊಂದನ್ನು ಹಿಡಿದು ಎದ್ದರು.

"ಪ್ರಿಯರೇ, ನಮ್ಮ ಸಹೋದರರೊಬ್ಬರ ಕಂಠವು ಇಂದು ಕೆಟ್ಟಿರುವುದು. ತಮ್ಮ ಹಾಡು ನಿಂತುಹೋಗುವುದೆಂದು ಅವರು ನನ್ನ ಮುಂದೆ ಕಣ್ಣೀರಿಟ್ಟರು. ಆದುದರಿಂದ ನಾವೆಲ್ಲರೂ ಸೇರಿ, ಅವರಿಗಾಗಿ, ಮೊತ್ತಮೊದಲು ಅದನ್ನೇ ಹಾಡೋಣ. ಪದಗಳನ್ನು ಅಚ್ಚು ಹಾಕಿಸಿರುವೆನು."

ಇದ್ವಲ್ ಎರಡೂ ಕೈ ಮೇಲೆತ್ತಿ "ಬೇಡ" ಎಂದು ಆಡಿಸಿದ. ಪಾದ್ರಿಗಳು ಅದನ್ನು ಧನ್ಯವಾದವೆಂದು ತಿಳಿದು ತಲೆಬಾಗಿದರು. ಅಷ್ಟರಲ್ಲಿ ಗ್ಲೆನಿಸ್ ಶುರುಮಾಡಿಬಿಟ್ಟಿದ್ದಳು.

ರಾಗ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನಿಂದ ಮನೆಮನೆಗೆ ಅದು ಟಪಾಲಿನ ಜೊತೆಯಲ್ಲೇ ತಲುಪಿತ್ತು. ಮೊದಲ ಚರಣವನ್ನು ಕೆಳಬೀದಿಯವರು ಗಟ್ಟಿಯಾಗಿ ಹಿಡಿದರು. ಎರಡನೆಯದನ್ನು ಬೇಕರಿಯ ಗಿರಾಕಿಗಳು. ಇದ್ವಲ್ ತುಟಿ ಬಿಗಿದು ನಿಂತಿದ್ದ. ಎದೆಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಮೂರನೆಯ ಚರಣ ಸೇತುವೆಯ ಕಡೆಯಿಂದ ಬಂತು.

ನಾಲ್ಕನೆಯದಕ್ಕೆ ಮುಂಚೆ ಇಡೀ ಚರ್ಚು ಒಟ್ಟಿಗೆ ಉಸಿರು ಎಳೆದುಕೊಂಡಿತು.

ಆ ಚರಣದಲ್ಲಿ ರಾಗ ಕತ್ತಲೆಗೆ ಇಳಿಯುವಾಗ ಕೆಳಗಿನ ದನಿ ಎದುರು ಹತ್ತಿ ಬಂದು ಅದರ ಕೈ ಹಿಡಿಯಬೇಕು. ನೂರೈವತ್ತು ಜನ ರಾಗ ಹಿಡಿದು ಇಳಿಯತೊಡಗಿದರು. ಎದುರು ಬರುವವರು ಯಾರೂ ಇರಲಿಲ್ಲ. ಆ ದನಿ ಗೊತ್ತಿದ್ದವನು ಭೂಮಿಯ ಮೇಲೆ ಒಬ್ಬನೇ.

ಇದ್ವಲ್ ಬಾಯಿ ತೆರೆದ.

ಮೂರು ವರ್ಷದಿಂದ ಹಾಡದಿದ್ದ ತನ್ನ ದನಿಯನ್ನು ಹಾಡಿದ. ಗಂಟಲು ಒರಟಾಗಿತ್ತು, ಆ ದನಿಗೆ ಅದೇ ಹೊಂದಿತು. ಮೇಲೆ, ತಾಯಿ ಇರುತ್ತಿದ್ದ ಜಾಗದಲ್ಲಿ, ಈಗ ಇಡೀ ಊರು ಇತ್ತು. ಐದು, ಆರು, ಮುಗಿಯದಿರಲಿ ಎಂದುಕೊಳ್ಳುತ್ತಿರುವಾಗಲೇ ಮುಗಿಯಿತು. ಇದ್ವಲ್‌ನ ಮುಖದ ಮೇಲೆ ನೀರು ಇಳಿಯುತ್ತಿತ್ತು, ಈರುಳ್ಳಿ ಮನೆಯಲ್ಲಿತ್ತು.

ಆಮೇಲೆ ಪ್ಲಗೈನ್‌ನ ಆ ದೊಡ್ಡ ಮೌನ ಬಂತು. ಯಾವ ಮನೆಯಾದರೂ ಎದ್ದು ಬರಬೇಕಾದ ಮೌನ. ಇದ್ವಲ್ ಇನ್ನೂ ನಿಂತೇ ಇದ್ದ. ಎಲ್ಲರೂ ಅವನನ್ನೇ ನೋಡಿದರು. ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ, ಅವನಿಗೆ ಹಾಡಲು ಏನೂ ಉಳಿದಿರಲಿಲ್ಲ. ಮೆಲ್ಲಗೆ ಕುಳಿತ.

ಹಿಂದಿನಿಂದ ಮೈರಿಗ್ ಬಾಗಿ ಅವನ ಕಿವಿಯ ಹತ್ತಿರ ಪಿಸುಗುಟ್ಟಿದ. "ಹೋಯ್ತಲ್ಲೋ. ಮನೆ ಬಿಟ್ಟೇ ಹೋಯ್ತು. ಇನ್ನು ಅದು ಇಡೀ ಊರಿಂದು, ನಿನಗೂ ಇಲ್ಲ, ನನಗೂ ಇಲ್ಲ." ಅವನ ದನಿಯಲ್ಲಿ ನಿಜವಾದ ದುಃಖವಿತ್ತು.

ಹಾಡುಗಳೆಲ್ಲ ಮುಗಿದು ಸಭಾಂಗಣದಲ್ಲಿ ಊಟಕ್ಕೆ ಕುಳಿತಾಗ ಜನ ಬಂದು ಬಂದು ಇದ್ವಲ್‌ನ ಭುಜ ತಟ್ಟಿದರು. ಅವನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಹೇಗೂ ಆ ನಾಲ್ಕನೆಯ ಚರಣ ಒಂದಿತ್ತು; ಅದನ್ನು ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡು ತಣ್ಣನೆಯ ಮಾಂಸಕ್ಕೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಿದ್ದಾಗ ಪಾದ್ರಿ ಕ್ರಿಸ್ಪಿನ್ ಪಕ್ಕದಲ್ಲಿ ಬಂದು ಕುಳಿತರು.

"ಇನ್ನು ಪ್ರತಿವರ್ಷವೂ ಇದರಿಂದಲೇ ಆರಂಭಿಸೋಣವೆಂದು ಎಲ್ಲರೂ ಒಪ್ಪಿರುವರು. ನಿಮಗೆ ಸಂತೋಷವಾಯಿತಷ್ಟೆ?"

"ಆಯ್ತು ಪಾದ್ರಿಗಳೇ."

"ಒಂದು ಸಣ್ಣ ವಿಷಯ." ಪಾದ್ರಿಗಳು ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿದರು. "ನನ್ನ ಕಿವಿಗೂ ತಿಳಿಯಿತೆಂದರೆ ಉಳಿದವರಿಗೆ ಎಷ್ಟು ಕಷ್ಟವಾಗಿರಬೇಕು! ನಾಲ್ಕನೆಯ ಚರಣದಿಂದ ಯಾರೋ ಒಬ್ಬರು ಕೆಳಗಿನ ದನಿಯಲ್ಲಿ ಬೇರೇನನ್ನೋ ಹಾಡುತ್ತಿದ್ದರು. ಪಾಪ, ಅವರಿಗೆ ರಾಗವು ತಿಳಿಯದೆಂದು ತೋರುತ್ತದೆ. ಯಾರೆಂದು ನೀವೇ ಪತ್ತೆಮಾಡಿ, ಮುಂದಿನ ವರ್ಷದೊಳಗೆ ಸ್ವಲ್ಪ ಕಲಿಸಿಕೊಡುವಿರಾ?"

ಇದ್ವಲ್ ಮಾಂಸಕ್ಕೆ ಇನ್ನಷ್ಟು ಉಪ್ಪಿನಕಾಯಿ ಹಚ್ಚಿಕೊಂಡ.

"ಪ್ರಯತ್ನ ಮಾಡ್ತೀನಿ ಪಾದ್ರಿಗಳೇ," ಎಂದ.