ಚಾರ್ಜರ್ ಕಿತ್ತರೆ ನೆಟ್ ಮಾಯ

ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಲ್ಯಾಪ್‌ಟಾಪ್ ತರೋ ಮೊದಲೇ ಜನ ಅದರ ಕಾಯಿಲೆಗೆ ಹೆಸರಿಟ್ಟುಕೊಂಡು ಬರ್ತಾರೆ. ಮನೆಗಳಿಗೆ ವೈಫೈ ಆಗಷ್ಟೇ ಕಾಲಿಟ್ಟಿದ್ದ ವರ್ಷಗಳಲ್ಲಂತೂ ವಾರಕ್ಕೊಂದು ಹೊಸ ಕಾಯಿಲೆ. ಹೆಂಗಸು ರಿಪೇರಿ ಮಾಡ್ತಾಳಂತೆ ಅಂತ ಬರೀ ನೋಡೋಕೆ ಬಂದವರೂ ಇದ್ದರು.

ಆಗ್ನೇಯ ಮೂಲೆ

ಒಬ್ಬ ವಕೀಲರು ಮನೆಗೆ ಕರೆಸಿದರು. “ಹಾಲ್‌ನಲ್ಲಿ ಕೂತರೆ ನೆಟ್ ಕಟ್ಟಾಗ್ತೈತಮ್ಮ. ಅಡುಗೆಮನೇಲಿ ಕೂತರೆ ಬಾಣದಂಗೆ ಓಡ್ತೈತೆ. ಆಗ್ನೇಯ ಮೂಲೆ ನೋಡು, ವಾಸ್ತು!”

ಒಂದು ತಿಂಗಳಿಂದ ಅವರ ಆಫೀಸು ಒಲೆ ಪಕ್ಕದಲ್ಲೇ ಇತ್ತು. ಹೆಂಡತಿ ಬಾಣಲೆ ಹಿಡಿದು ಜಾಗಕ್ಕಾಗಿ ಕಾಯುತ್ತಿದ್ದರು. ನೋಡಿದರೆ ಚಾರ್ಜರ್ ಮಿಕ್ಸಿ ಪ್ಲಗ್ಗಿನಲ್ಲಿದೆ. ಹಾಲ್‌ನಲ್ಲಿ ಸಾಹೇಬರು ಬ್ಯಾಟರಿ ಮೇಲೆ ಓಡಿಸ್ತಿದ್ದರು. ಚಾರ್ಜರ್ ಕಿತ್ತ ಕೂಡಲೇ ಲ್ಯಾಪ್‌ಟಾಪು ಬ್ಯಾಟರಿ ಉಳಿಸೋಕೆ ವೈಫೈಗೆ ಅರೆಹೊಟ್ಟೆ ಊಟ ಹಾಕ್ತಿತ್ತು. ಅದು ಪಾಪ ತೂಕಡಿಸ್ತಿತ್ತು. ಪವರ್ ಸೆಟ್ಟಿಂಗ್‌ಗೆ ಹೋಗಿ, ಬ್ಯಾಟರಿಯಲ್ಲಿದ್ದಾಗಲೂ ವೈಫೈಗೆ ಪೂರ್ತಿ ಶಕ್ತಿ ಕೊಟ್ಟೆ. ಹಾಲ್‌ನಲ್ಲಿ ನೆಟ್ ಅಲುಗಾಡಲಿಲ್ಲ.

“ಹಂಗಾದ್ರೆ ವಾಸ್ತು?” ಅಂದರು ವಕೀಲರು.

ಹೆಂಡತಿ ಒಳಗಿಂದ ಕೂಗಿದರು: “ವಾಸ್ತು ಸರಿಯಾಗೇ ಐತೆ ಕಣ್ರಿ. ಆಗ್ನೇಯದಲ್ಲಿ ಬೆಂಕಿ ಇರಬೇಕು, ವಕೀಲರಲ್ಲ!”

ಮಗ್ಗದ ಮಾತು

ಮೊಳಕಾಲ್ಮೂರಿನ ನೇಕಾರರೊಬ್ಬರು ಸೀರೆ ಅಂಚಿನ ಫೋಟೊಗಳನ್ನು ದೂರದ ವ್ಯಾಪಾರಿಗೆ ಕಳಿಸಬೇಕಿತ್ತು. ಮಧ್ಯಾಹ್ನದೊಳಗೆ ತಲುಪದಿದ್ದರೆ ಆರ್ಡರ್ ಬೇರೆಯವರ ಪಾಲು. ನೆಟ್ ಜೋಡಿಸಿಕೊಡೋಕೆ ಅವತ್ತು ನಾನೂ ಅವರ ಮನೇಲೇ ಇದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ನೆಟ್ಟೂ ಹೋಯಿತು. ನೇಕಾರರು ತಲೆ ಮೇಲೆ ಕೈ ಹೊತ್ತು ಕೂತರು.

ಆದರೆ ಮೋಡೆಮ್‌ಗೆ ಬೇರೆ ಬ್ಯಾಟರಿ ಇತ್ತು, ಅದರ ದೀಪ ಉರೀತಿತ್ತು. ತಪ್ಪು ಲ್ಯಾಪ್‌ಟಾಪಿನದು, ಅದೇ ಉಳಿತಾಯ ಬುದ್ಧಿ! ಸೆಟ್ಟಿಂಗ್ ಬದಲಿಸಿದೆ. ಫೋಟೊಗಳು ಹೋದವು, ಅರ್ಧ ಗಂಟೆಯಲ್ಲಿ ಆರ್ಡರ್ ಬಂತು.

ನೇಕಾರರು ಕುಣಿದೇಬಿಟ್ಟರು. “ಅವ್ವಾ, ಕರೆಂಟಿಲ್ದೇನೇ ಕೆಲಸ ಮಾಡ್ತೈತೆ ನೋಡು!”

ಅವರವ್ವ ಮಗ್ಗದಿಂದ ಕಣ್ಣೆತ್ತದೆ ತೆಲುಗು ಬೆರೆಸಿ ಅಂದರು: “ಅದೇಮಿ ಗೊಪ್ಪ? ಅದೇನು ದೊಡ್ಡ ವಿಷ್ಯ? ಈ ಮಗ್ಗ ನಿಮ್ಮ ತಾತನ ಕಾಲದಿಂದ ಹಂಗೇ ಕೆಲಸ ಮಾಡ್ತೈತೆ. ಯಾರಾದ್ರೂ ಕುಣಿದ್ರಾ?”

ಕಾಲೇಜಿನ ಭಾಷಣ

ಊರಿನ ಕಾಲೇಜಿಗೆ ವೈಫೈ ಹಾಕಿಕೊಟ್ಟವಳು ನಾನೇ. ಅದಾದ ಮೇಲಿನ ಮೊದಲ ಕಾರ್ಯಕ್ರಮಕ್ಕೆ ಬೆಂಗಳೂರಿಂದ ತಜ್ಞರೊಬ್ಬರು ಬಂದರು. ವೇದಿಕೆಯ ಪ್ಲಗ್ಗುಗಳೆಲ್ಲ ಮೈಕು, ಪ್ರೊಜೆಕ್ಟರ್ ಪಾಲಾಗಿದ್ದವು. ಅವರ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು. ನೆಟ್ ಬರುತ್ತೆ, ಹೋಗುತ್ತೆ.

“ನಿಮ್ಮೂರಲ್ಲಿ ಇದೆಲ್ಲಾ ಕಷ್ಟ ಬಿಡಿ,” ಅಂತ ಮೈಕಿನಲ್ಲೇ ಮೂರು ಸಲ ಅಂದರು. ಪ್ರಿನ್ಸಿಪಾಲರು ಹಿಂದಿನ ಸಾಲಲ್ಲಿದ್ದ ನನ್ನನ್ನು ನುಂಗೋ ಹಾಗೆ ನೋಡಿದರು. ನನಗೂ ಮೈ ಉರಿಯಿತು. ಸರಸರ ವೇದಿಕೆ ಹತ್ತಿದೆ.

“ಸಾರ್, ವೈಫೈಗೆ ಪೂರ್ತಿ ಉಳಿತಾಯದ ಸೆಟ್ಟಿಂಗ್ ಐತೆ. ಯಾರು ಹಾಕಿದ್ದು?”

“ನಾನೇ ಹಾಕಿದ್ದು. ಮತ್ತೆ ನಾನು ಬಂದಿರೋದು ಏನು ಹೇಳೋಕೆ?” ಅಂತ ಅವರು ಬೆನ್ನ ಹಿಂದಿನ ಬ್ಯಾನರ್ ತೋರಿಸಿದರು. ‘ವಿದ್ಯುತ್ ಉಳಿಸೋಣ ಬನ್ನಿ!’

ಸಭೆ ಗೊಳ್ಳೆಂದಿತು. ನಾನು ಬ್ಯಾನರಿಗೊಂದು ನಮಸ್ಕಾರ ಹಾಕಿ ಉಳಿತಾಯ ತೆಗೆದೆ. ಪರದೆ ಮೇಲೆ ಪುಟ ಪಟಕ್ಕನೆ ತೆರೆಯಿತು. ಶಿಳ್ಳೆಯೋ ಶಿಳ್ಳೆ. ತಜ್ಞರೂ ನಕ್ಕು ಚಪ್ಪಾಳೆ ತಟ್ಟಿದರು.

ಕೊನೆಗೆ ಪ್ರಿನ್ಸಿಪಾಲರು ಎದೆಯುಬ್ಬಿಸಿ ವಂದನಾರ್ಪಣೆ ಮಾಡಿದರು: “ವಿದ್ಯುತ್ ಉಳಿಸಿ ಎಂದು ಬುದ್ಧಿ ಹೇಳಿದ ಮಹನೀಯರಿಗೂ, ಉಳಿಸೋದು ನಿಲ್ಲಿಸಿ ಅವರ ಭಾಷಣ ಉಳಿಸಿದ ನಮ್ಮೂರ ಹೆಣ್ಣುಮಗಳಿಗೂ ಕಾಲೇಜು ಋಣಿ!”